ಕೆಂಪು ಬುರುಡೆ ಯಾರ ಜೊತೆ ಮಾತಾಡುತ್ತೆ? ಹಾಸನದ ಗಿರಣಿಗಳಲ್ಲಿ ಒಂದು ತಗಡಿನ ಚರಿತ್ರೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

 

ಇವತ್ತಿನ ವಿಷಯ ನೀವು ದಿನಾ ನೋಡ್ತೀರಿ, ಆದರೆ ಓದಲ್ಲ. ಬಿಳಿ ತಗಡು. ಅದರ ಮೇಲೆ ಕೆಂಪು ತಲೆಬುರುಡೆ, ಅಡ್ಡಡ್ಡ ಎರಡು ಮೂಳೆ. ಪಕ್ಕದಲ್ಲಿ ‘ಅಪಾಯ’ ಅಂತ ಕನ್ನಡದಲ್ಲಿ, ಕೆಳಗೆ ಇಷ್ಟು ವೋಲ್ಟ್ ಅಂತ ಒಂದು ನಂಬರ್. ಟ್ರಾನ್ಸ್‌ಫಾರ್ಮರ್ ಬೇಲಿ ಮೇಲೆ ಇರುತ್ತೆ, ಅಕ್ಕಿ ಗಿರಣಿಯ ಪ್ಯಾನಲ್ ಬೋರ್ಡ್ ಮೇಲೆ ಇರುತ್ತೆ, ಪಂಪ್‌ಹೌಸ್ ಬಾಗಿಲ ಮೇಲೂ ಇರುತ್ತೆ. ಇರಬೇಕು, ಅಷ್ಟೇ. ಇದೆಯಾ ಇಲ್ವಾ ಅನ್ನೋದು ಬೇರೆ ಮಾತು.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ನಾಲ್ಕು ಊರಲ್ಲಿ ಕೆಲಸದ ಜಾಗಗಳಲ್ಲಿರೋ ಈ ಎಚ್ಚರಿಕೆ ಫಲಕಗಳನ್ನ ಒಂದಷ್ಟು ದಿನ ಸುಮ್ನೆ ನೋಡ್ತಾ ಓಡಾಡಿದೆ. ನಾನು ಬಿ.ಕಾಂ ಓದಿದವನು, ಎಲೆಕ್ಟ್ರಿಕಲ್ ಎಂಜಿನಿಯರ್ ಅಲ್ಲ. ಹಾಗಾಗಿ ನನ್ನ ತಲೆಗೆ ಬಂದಿದ್ದು ಲೆಕ್ಕದ ಪ್ರಶ್ನೆ. ಈ ಫಲಕ ಯಾರ ಖಾತೆಗೆ ಸೇರುತ್ತೆ? ಓದೋನ ಖಾತೆಗೋ, ಹಾಕಿದೋನ ಖಾತೆಗೋ? ಏನಾದ್ರೂ ಆದಾಗ ಎಲ್ಲರೂ ಹೇಳೋದು ಒಂದೇ ಮಾತು: ‘ಬೋರ್ಡ್ ಹಾಕಿದ್ವಲ್ಲ, ಅವನು ನೋಡಬೇಕಿತ್ತು.’ ಆ ಮಾತು ಸರೀನಾ? ಚರಿತ್ರೆ ಏನು ಹೇಳುತ್ತೆ ನೋಡೋಣ.

ಕಲ್ಲಿನ ಮೇಲಿನ ಎಚ್ಚರಿಕೆ

ಎಚ್ಚರಿಕೆ ಬರೆದು ನಿಲ್ಲಿಸೋದು ಹಾಸನ ಜಿಲ್ಲೆಗೆ ಹೊಸದೇನಲ್ಲ. ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನ ಗೊತ್ತಲ್ಲ? ಸ್ಕೂಲಲ್ಲಿ ಒಂದು ಮಾರ್ಕ್‌ನ ಪ್ರಶ್ನೆ. ಸುಮಾರು ಕ್ರಿ.ಶ. 450ರದ್ದು ಅಂತ ಹೇಳೋ, ಕನ್ನಡದ ಅತಿ ಹಳೆಯ ಶಾಸನಗಳಲ್ಲಿ ಒಂದು. ಅದು ಒಂದು ದಾನದ ದಾಖಲೆ. ಆ ದಾನವನ್ನ ಕೆಡಿಸಿದವನಿಗೆ ಮಹಾಪಾಪ ಬರುತ್ತೆ ಅಂತ ಅದರಲ್ಲೇ ಬರೆದಿದೆ. ಅಂದ್ರೆ ನಮ್ಮ ಭಾಷೆಯ ಇಷ್ಟು ಹಳೆಯ ಬರಹದಲ್ಲೇ ಒಂದು ವಾರ್ನಿಂಗ್ ಇದೆ.

ಆಮೇಲಿನ ಶಾಸನಗಳಲ್ಲಂತೂ ಇದು ಮಾಮೂಲು. ಈ ದಾನಕ್ಕೆ ಕೈ ಹಾಕಿದ್ರೆ ಗಂಗೆಯ ದಡದಲ್ಲಿ ಗೋವು ಕೊಂದ ಪಾಪ ಅಂತ ಕೊನೇಲಿ ಒಂದು ಸಾಲು. ಎಷ್ಟೋ ಕಲ್ಲುಗಳ ಮೇಲ್ಗಡೆ ಸೂರ್ಯ, ಚಂದ್ರ, ಹಸು-ಕರುವಿನ ಚಿತ್ರ. ಆಗ ಊರಲ್ಲಿ ಓದೋಕೆ ಬರೋರು ಎಷ್ಟು ಜನ ಇದ್ದಿರಬಹುದು? ಓದಲು ಬಾರದವನಿಗೂ ಚಿತ್ರ ನೋಡಿದ ಕೂಡಲೇ ‘ಇದು ಸಾಮಾನ್ಯ ಕಲ್ಲಲ್ಲ’ ಅಂತ ಗೊತ್ತಾಗುತ್ತೆ. ಅಕ್ಷರ ಒಂದು ಕಡೆ, ಚಿತ್ರ ಒಂದು ಕಡೆ. ಈ ಜೋಡಿ ನೆನಪಿಟ್ಕೊಳ್ಳಿ. ಕರೆಂಟಿನ ಕಾಲದಲ್ಲಿ ಇದೇ ಜೋಡಿ ತಗಡಿನ ಮೇಲೆ ಬರುತ್ತೆ.

ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ. ಶಾಸನದ ಎಚ್ಚರಿಕೆಯಲ್ಲಿ ಹೊಣೆ ಪೂರ್ತಿ ಎದುರಿಗಿರೋನ ಮೇಲೆ. ಮುಟ್ಟಿದ್ರೆ ಪಾಪ ನಿನಗೆ. ಕಲ್ಲು ನಿಲ್ಲಿಸಿದವನಿಗೆ ಅಲ್ಲಿಗೆ ಕೆಲಸ ಮುಗೀತು. ಕರೆಂಟಿನ ಫಲಕವನ್ನೂ ನಾವು ಇವತ್ತು ಹೀಗೇ ಓದ್ತೀವಿ. ಕಾನೂನು ಮಾತ್ರ ಹಾಗೆ ಬರೆದಿಲ್ಲ.

ವಾಸನೆ ಇಲ್ಲದ, ಸದ್ದಿಲ್ಲದ ಅಪಾಯ

1902ಕ್ಕೆ ಬರೋಣ. ಶಿವನಸಮುದ್ರದಲ್ಲಿ ಕಾವೇರಿ ನೀರಿನಿಂದ ವಿದ್ಯುತ್ ತಯಾರಾಗಿ, ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. ಆ ಯೋಜನೆಗೆ ದುಡಿದ ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅದನ್ನ ನೋಡಲಿಲ್ಲ, 1901ರಲ್ಲೇ ತೀರಿಕೊಂಡಿದ್ರು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ದೀಪ ಬಂತು.

ಇಲ್ಲಿ ಗಮನಿಸಬೇಕಾದ್ದು ಏನಂದ್ರೆ, ಕರ್ನಾಟಕದಲ್ಲಿ ದೊಡ್ಡ ಪ್ರಮಾಣದ ಕರೆಂಟು ಮೊದಲು ಬಂದಿದ್ದು ಮನೆಗಲ್ಲ, ಕೆಲಸದ ಜಾಗಕ್ಕೆ. ಗಣಿಯ ಯಂತ್ರಗಳಿಗೆ. ಅದಕ್ಕೂ ಮುಂಚೆ ಕೆಲಸದ ಜಾಗದ ಅಪಾಯಗಳು ಕಣ್ಣಿಗೆ ಕಾಣ್ತಿದ್ವು. ಬೆಂಕಿ ಬಿಸಿ ಇರುತ್ತೆ, ಆಲೆಮನೆಯ ಗಾಣ ತಿರುಗೋದು ಕಾಣುತ್ತೆ, ಬಾಯ್ಲರ್ ಬುಸುಗುಡುತ್ತೆ. ತಂತಿ ಮಾತ್ರ ಹಾಗಲ್ಲ. ಕರೆಂಟ್ ಇದ್ದಾಗಲೂ ಇಲ್ಲದಿದ್ದಾಗಲೂ ನೋಡೋಕೆ ಒಂದೇ ಥರ. ಮುಟ್ಟೋವರೆಗೂ ಗೊತ್ತಾಗಲ್ಲ. ಆದ್ದರಿಂದಲೇ ಈ ಅಪಾಯಕ್ಕೆ ಹೊರಗಿನಿಂದ ಒಂದು ಗುರುತು ಅಂಟಿಸಬೇಕಾಯ್ತು.

ಬ್ರಿಟಿಷ್ ಭಾರತದಲ್ಲಿ ವಿದ್ಯುತ್ ಕಾಯ್ದೆ ಮೊದಲು 1903ರಲ್ಲಿ, ಆಮೇಲೆ 1910ರಲ್ಲಿ ಬಂತು. ನಮ್ಮ ಕಥೆಗೆ ಮುಖ್ಯವಾದದ್ದು 1956ರ ಭಾರತೀಯ ವಿದ್ಯುತ್ ನಿಯಮಗಳು. ಅದರ 35ನೇ ನಿಯಮವೇ ಅಪಾಯ ಸೂಚನಾ ಫಲಕದ್ದು. ಸರಳ ಕನ್ನಡದಲ್ಲಿ ಹೇಳ್ತೀನಿ: 250 ವೋಲ್ಟ್‌ಗಿಂತ ಹೆಚ್ಚಿನ ವಿದ್ಯುತ್ ಇರೋ ಪ್ರತಿ ಮೋಟರು, ಜನರೇಟರು, ಟ್ರಾನ್ಸ್‌ಫಾರ್ಮರು, ಅವನ್ನ ನಿಯಂತ್ರಿಸೋ ಸಲಕರಣೆ, ಇವುಗಳ ಮೇಲೆ, ಎದ್ದು ಕಾಣೋ ಜಾಗದಲ್ಲಿ, ಶಾಶ್ವತವಾಗಿ, ಮಾಲೀಕ ಅಪಾಯ ಸೂಚನೆ ಹಾಕಬೇಕು. ಯಾವ ಭಾಷೆಯಲ್ಲಿ? ಹಿಂದಿ ಅಥವಾ ಇಂಗ್ಲಿಷ್, ಜೊತೆಗೆ ಜಿಲ್ಲೆಯ ಸ್ಥಳೀಯ ಭಾಷೆ.

ಆ ವಾಕ್ಯ ಒಂದ್ಸಲ ನಿಧಾನಕ್ಕೆ ನೋಡಿ. ಹಿಂದಿ ‘ಅಥವಾ’ ಇಂಗ್ಲಿಷ್. ಆದರೆ ಸ್ಥಳೀಯ ಭಾಷೆಗೆ ‘ಅಥವಾ’ ಇಲ್ಲ. ಹಾಸನ ಜಿಲ್ಲೆಯಲ್ಲಿ ಕನ್ನಡ ಇರಲೇಬೇಕು. ಭಾಷೆಯ ಆಧಾರದ ಮೇಲೆ ನಮ್ಮ ರಾಜ್ಯ ಒಂದಾಗಿದ್ದು 1956ರಲ್ಲಿ. ಅದೇ ವರ್ಷದ ಈ ನಿಯಮಗಳು ಗಿರಣಿಯ ಮೋಟರಿನ ಮೇಲೆ ಜಿಲ್ಲೆಯ ಭಾಷೆ ಕೇಳ್ತವೆ. ನಾಮಫಲಕದಲ್ಲಿ ಕನ್ನಡ ಇರಬೇಕು ಅಂತ ನಾವು ಎಷ್ಟು ಗಲಾಟೆ ಮಾಡ್ತೀವಿ! ಜೀವ ಉಳಿಸೋ ಫಲಕದಲ್ಲಿ ಕನ್ನಡ ಇದೆಯಾ ಅಂತ ಯಾರೂ ಕೇಳಿದ್ದು ನಾನು ಕೇಳಿಲ್ಲ.

ಫಲಕ ಹೇಗಿರಬೇಕು ಅನ್ನೋದಕ್ಕೆ ಭಾರತೀಯ ಮಾನಕ ಸಂಖ್ಯೆ 2551 ಇದೆ. ಕನಿಷ್ಠ 1.6 ಮಿಲಿಮೀಟರ್ ದಪ್ಪದ ಉಕ್ಕಿನ ತಗಡು. ಅದರ ಮೇಲೆ ಬಿಳಿ ಎನಾಮೆಲ್, ಅಂದ್ರೆ ಹಳೇ ಕಾಲದ ಬಿಳಿ ತಟ್ಟೆ, ಟೀ ಮಗ್ಗುಗಳಿಗೆ ಇರ್ತಿತ್ತಲ್ಲ, ಅದೇ ಥರ ಸುಟ್ಟು ಕೂರಿಸಿದ ಗಾಜಿನ ಲೇಪ. ಅಕ್ಷರ, ಬುರುಡೆ, ಮೂಳೆ ಎಲ್ಲ ಕೆಂಪು. ಮಳೆ ಬಿಸಿಲಿಗೆ ಬಣ್ಣ ಹೋಗಬಾರದು ಅಂತ ಇಷ್ಟೆಲ್ಲಾ. ಇವತ್ತು ಎಷ್ಟೋ ಕಡೆ ಅದರ ಜಾಗದಲ್ಲಿ ಪ್ರಿಂಟಿಂಗ್ ಅಂಗಡಿಯ ಸ್ಟಿಕರ್ ಇದೆ. ಎರಡು ಬೇಸಿಗೆಗೆ ಕೆಂಪು ಹೋಗಿ ಗುಲಾಬಿ, ಆಮೇಲೆ ಬರೀ ಬಿಳಿ. ನಿಯಮದಲ್ಲಿರೋ ‘ಶಾಶ್ವತವಾಗಿ’ ಅನ್ನೋ ಪದ ಅಲ್ಲಿಗೆ ಸತ್ತುಹೋಯ್ತು.

1910ರ ಕಾಯ್ದೆಯ ಜಾಗಕ್ಕೆ 2003ರ ವಿದ್ಯುತ್ ಕಾಯ್ದೆ ಬಂತು. ಕೇಂದ್ರ ವಿದ್ಯುತ್ ಪ್ರಾಧಿಕಾರ 2010ರಲ್ಲಿ ಹೊಸ ಸುರಕ್ಷತಾ ನಿಯಮಾವಳಿ ತಂತು, 2023ರಲ್ಲಿ ಅದನ್ನೂ ಬದಲಾಯಿಸ್ತು. ಕಾಯ್ದೆಗಳು ಬದಲಾದ್ರೂ ಈ ಫಲಕದ ವಾಕ್ಯ ಹೆಚ್ಚುಕಡಿಮೆ ಹಾಗೇ ಉಳಿದಿದೆ. ಅದರ ಕರ್ತೃಪದವೂ ಅದೇ: ಮಾಲೀಕ. ಇನ್ನೊಂದು ವಿಷಯ. ಫ್ಯಾಕ್ಟರಿ ಅಂತ ಲೆಕ್ಕಕ್ಕೆ ಬರೋಕೆ ಇಷ್ಟು ಜನ ಕೆಲಸಗಾರರು ಇರಬೇಕು ಅನ್ನೋ ಮಿತಿ ಇರುತ್ತೆ. ಫಲಕದ ನಿಯಮ ಜನರನ್ನ ಎಣಿಸಲ್ಲ, ವೋಲ್ಟ್ ಎಣಿಸುತ್ತೆ. ತ್ರೀ ಫೇಸ್ ಅಂದ್ರೆ 415 ವೋಲ್ಟ್. ಹಾಗಾಗಿ ಹೊಳೆನರಸೀಪುರದ ಯಾವುದೋ ಗಲ್ಲಿಯಲ್ಲಿ ಗಂಡ-ಹೆಂಡತಿ ಇಬ್ಬರೇ ನಡೆಸೋ ರಾಗಿ ಹಿಟ್ಟಿನ ಗಿರಣಿಯಲ್ಲಿ ತ್ರೀ ಫೇಸ್ ಮೋಟರ್ ಇದ್ರೆ, ಅಲ್ಲೂ ಬುರುಡೆ ಇರಬೇಕು.

ಬುರುಡೆ ಕಂಡ್ರೆ ಭಯ ಯಾಕೆ ಆಗಬೇಕು?

ತಲೆಬುರುಡೆ ಅಂದ್ರೆ ಸಾವು ಅಂತ ಯಾರು ಹೇಳಿಕೊಟ್ರು ನಮಗೆ? ಬೇಲೂರು, ಹಳೇಬೀಡಿಗೆ ಹೋಗಿ. ಹೊಯ್ಸಳರ ಗೋಡೆ ಮೇಲೆ ಭೈರವ ನಿಂತಿದ್ದಾನೆ, ಕೈಯಲ್ಲಿ ಕಪಾಲ. ನಾವು ಕೈ ಮುಗೀತೀವಿ, ಓಡಿಹೋಗಲ್ಲ. ಅದೇ ಬುರುಡೆ ಟಿ-ಶರ್ಟ್ ಮೇಲೆ ಇದ್ರೆ ಸ್ಟೈಲು, ಬೈಕ್ ಟ್ಯಾಂಕ್ ಮೇಲೆ ಇದ್ರೆ ಗತ್ತು. ಚಿಹ್ನೆಗೆ ತನ್ನಷ್ಟಕ್ಕೆ ತಾನೇ ಅರ್ಥ ಇರಲ್ಲ. ಯಾರಾದ್ರೂ ಕಲಿಸಬೇಕು.

ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ 1971ರಲ್ಲಿ ಇದೇ ಪ್ರಶ್ನೆ ಎದ್ದಿತ್ತು. ವಿಷದ ಬಾಟಲಿ ಮೇಲೆ ಬುರುಡೆ ಇರೋದು ಹಳೇ ಪದ್ಧತಿ. ಆದರೆ ಅಲ್ಲಿನ ಮಕ್ಕಳಿಗೆ ಬುರುಡೆ ಅಂದ್ರೆ ಕಡಲ್ಗಳ್ಳರ ಬಾವುಟ, ಸಾಹಸ, ಆಟ. ಭಯಾನೇ ಇಲ್ಲ. ಹಾಗಾಗಿ ಅಲ್ಲಿನ ಮಕ್ಕಳ ಆಸ್ಪತ್ರೆಯ ವಿಷ ಚಿಕಿತ್ಸಾ ಕೇಂದ್ರದವರು ಹಸಿರು ಬಣ್ಣದ, ನಾಲಿಗೆ ಹೊರಹಾಕಿ ಮುಖ ಕಿವುಚಿದ ಒಂದು ಹೊಸ ಚಿಹ್ನೆ ಮಾಡಿದ್ರು. ಹೆಸರು ‘ಮಿಸ್ಟರ್ ಯಕ್’.

ಈಗ ಹಾಸನದ ಕೈಗಾರಿಕಾ ಪ್ರದೇಶಕ್ಕೆ ಬನ್ನಿ. ಹೊಸ ಯಂತ್ರಗಳ ಮೇಲೆ ಬುರುಡೆ ಇರಲ್ಲ. ಹಳದಿ ತ್ರಿಕೋನ, ಕಪ್ಪು ಅಂಚು, ಒಳಗೆ ಮುರಿದ ಬಾಣದ ಥರ ಒಂದು ಮಿಂಚು. ಅಂತರರಾಷ್ಟ್ರೀಯ ಮಾನಕದಲ್ಲಿ ವಿದ್ಯುತ್ ಅಪಾಯದ ಚಿಹ್ನೆ ಅದು. ಅಮೆರಿಕದ ಪದ್ಧತಿಯ ಯಂತ್ರ ಆದ್ರೆ ಬಣ್ಣಕ್ಕೊಂದು ದರ್ಜೆ: ಕೆಂಪು ಇದ್ದರೆ ತಪ್ಪಿಸಿಕೊಳ್ಳದಿದ್ರೆ ಸಾವು ಅಥವಾ ಭಾರೀ ಪೆಟ್ಟು ಖಚಿತ, ಕಿತ್ತಳೆ ಇದ್ದರೆ ಸಾವು ಬರಬಹುದು, ಹಳದಿ ಇದ್ದರೆ ಸಣ್ಣಪುಟ್ಟ ಗಾಯ. ನೋಡಿದ್ರಾ? ಒಂದು ಪದ್ಧತಿಯಲ್ಲಿ ಹಳದಿ ತ್ರಿಕೋನದ ಮಿಂಚು ಅಂದ್ರೆ ಶಾಕ್ ಹೊಡೆಯುತ್ತೆ, ಪ್ರಾಣ ಹೋಗಬಹುದು. ಇನ್ನೊಂದು ಪದ್ಧತಿಯಲ್ಲಿ ಹಳದಿ ಪಟ್ಟಿ ಅಂದ್ರೆ ಸ್ವಲ್ಪ ಹುಷಾರು, ಅಷ್ಟೇ. ಎರಡೂ ಥರದ ಯಂತ್ರ ಒಂದೇ ಶೆಡ್‌ನಲ್ಲಿ ಪಕ್ಕಪಕ್ಕ ನಿಂತಿರುತ್ತೆ. ಬರಹ ಇಂಗ್ಲಿಷಲ್ಲಿ, ಇಲ್ಲಾಂದ್ರೆ ಚೀನೀ ಭಾಷೆಯಲ್ಲಿ.

ಇದರ ಮುಂದೆ ನಿಂತಿರೋದು ಯಾರು? ಅರಕಲಗೂಡಿನ ಹಳ್ಳಿಯಿಂದ ಬೆಳಗ್ಗೆ ಬಸ್ ಹತ್ತಿ ಬಂದ ಹುಡುಗಿ. ಅವಳ ಪಕ್ಕ ಅಸ್ಸಾಂನಿಂದಲೋ ಒಡಿಶಾದಿಂದಲೋ ಬಂದ ಹುಡುಗ. 1956ರಲ್ಲಿ ನಿಯಮ ಬರೆದವರ ಉದ್ದೇಶ ಸರಳ, ಅಲ್ಲಿ ಕೆಲಸ ಮಾಡೋನಿಗೆ ಅರ್ಥ ಆಗೋ ಭಾಷೆ ಇರಲಿ ಅಂತ. ಆಗ ಜಿಲ್ಲೆಯ ಭಾಷೆ ಸಾಕಿತ್ತು. ಈಗ ಕನ್ನಡ ಇರಲೇಬೇಕು, ಜೊತೆಗೆ ಆ ಹುಡುಗನ ಭಾಷೆಯಲ್ಲೂ ನಾಲ್ಕು ಪದ ಬೇಕು. ಎಲ್ಲಕ್ಕಿಂತ ಮುಖ್ಯ, ಕೆಲಸಕ್ಕೆ ಸೇರಿದ ಮೊದಲ ದಿನ ಯಾರಾದ್ರೂ ಬೊಟ್ಟು ಮಾಡಿ ‘ಈ ಚಿತ್ರ ಇದ್ದ ಕಡೆ ಕೈ ಹಾಕಬೇಡ, ಯಾಕೆ ಅಂದ್ರೆ ಹೀಗೆ’ ಅಂತ ಹೇಳಬೇಕು. ಹೇಳಿಕೊಡದ ಚಿಹ್ನೆ ಬರೀ ಅಲಂಕಾರ.

250ರ ಗೆರೆ, 230ರ ಸಾವು

ಈಗ ಸ್ವಲ್ಪ ಕಷ್ಟದ ಜಾಗಕ್ಕೆ ಬಂದ್ವಿ. ನಿಯಮ ಶುರುವಾಗೋದು 250 ವೋಲ್ಟ್ ದಾಟಿದ ಮೇಲೆ ಅಂದೆ. ನಮ್ಮ ಸಿಂಗಲ್ ಫೇಸ್ ಎಷ್ಟು? 230. ಗೆರೆಯಿಂದ ಸ್ವಲ್ಪ ಕೆಳಗೆ.

ಅಂದ್ರೆ ಬೇಕರಿಯ ಫ್ರಿಜ್ಜು, ಹೋಟೆಲಿನ ವೆಟ್ ಗ್ರೈಂಡರು, ಹಾಲು ಕರೆಯೋ ಯಂತ್ರ, ಬಡಗಿಯ ಕಟಿಂಗ್ ಮಷೀನು, ವಾಟರ್ ಸರ್ವೀಸ್ ಅಂಗಡಿಯಲ್ಲಿ ಬೈಕ್ ತೊಳೆಯೋ ಪಂಪು, ಮನೆ ಕಟ್ಟೋ ಜಾಗದಲ್ಲಿ ಕಾಂಕ್ರೀಟ್ ಅದುಮೋ ವೈಬ್ರೇಟರು, ಇದ್ಯಾವುದಕ್ಕೂ ಈ ನಿಯಮದ ಪ್ರಕಾರ ಬುರುಡೆ ಬೇಕಾಗಿಲ್ಲ. ಆದರೆ ಕೈ ಒದ್ದೆ ಇರೋದು, ಕಾಲಲ್ಲಿ ಚಪ್ಪಲಿ ಇಲ್ಲದಿರೋದು, ವೈರಿಗೆ ಇನ್ಸುಲೇಷನ್ ಟೇಪ್ ಸುತ್ತಿರೋದು ಈ ಜಾಗಗಳಲ್ಲೇ.

230 ವೋಲ್ಟ್ ಏನೂ ಮಾಡಲ್ಲ ಅಂದ್ಕೋಬೇಡಿ. ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಡಾಲ್ಜೀಲ್ ಅಂತ ಒಬ್ಬ ಪ್ರೊಫೆಸರ್ ಇದ್ರು. ಒಪ್ಪಿ ಬಂದ ಜನರ ಮೇಲೆ ಸಣ್ಣ ಕರೆಂಟು ಹರಿಸಿ, ಎಷ್ಟಕ್ಕೆ ಕೈ ಬಿಡಿಸಿಕೊಳ್ಳೋಕೆ ಆಗಲ್ಲ ಅಂತ ಅಳೆದ್ರು. ಗಂಡಸರಲ್ಲಿ ಸರಾಸರಿ 16 ಮಿಲಿಆಂಪಿಯರ್, ಹೆಂಗಸರಲ್ಲಿ ಇನ್ನೂ ಕಮ್ಮಿ. ಅದು ದಾಟಿದ್ರೆ ಸ್ನಾಯು ಬಿಗಿದು, ಹಿಡಿದ ವೈರನ್ನ ಬಿಡೋಕೇ ಆಗಲ್ಲ. ನಮ್ಮ ಕಡೆ ‘ಕರೆಂಟ್ ಹಿಡ್ಕೊಂಡ್ಬಿಡ್ತು’ ಅಂತಾರಲ್ಲ, ಅದು ಇದೇ. ಹಿಡ್ಕೊಂಡಿದ್ದು ಕರೆಂಟಲ್ಲ, ನಮ್ಮದೇ ಕೈ. ಇನ್ನೂ ಹೆಚ್ಚಾದ್ರೆ, 50-100 ಮಿಲಿಆಂಪಿಯರ್ ಹೊತ್ತಿಗೆ, ಹೃದಯದ ಲಯ ತಪ್ಪಬಹುದು.

ಲೆಕ್ಕ ಹಾಕೋಣ. 9 ವಾಟ್‌ನ ಒಂದು ಎಲ್‌ಇಡಿ ಬಲ್ಬ್ 230 ವೋಲ್ಟ್‌ನಲ್ಲಿ ಸುಮಾರು 40 ಮಿಲಿಆಂಪಿಯರ್ ಎಳೆಯುತ್ತೆ. ಒಂದು ಬಲ್ಬ್ ಉರಿಯೋಕೆ ಬೇಕಾದಷ್ಟು ಕರೆಂಟ್ ಸಾಕು. ನೀವು ನಂಬಿರೋ ಎಂಸಿಬಿ? ಅದು ಕಾಯೋದು ವೈರನ್ನ, ನಿಮ್ಮನ್ನಲ್ಲ. 16 ಆಂಪಿಯರ್‌ನ ಎಂಸಿಬಿ ಬೀಳಬೇಕಾದ್ರೆ 16,000 ಮಿಲಿಆಂಪಿಯರ್ ದಾಟಬೇಕು. ಅಷ್ಟರಲ್ಲಿ ಎಲ್ಲ ಮುಗಿದಿರುತ್ತೆ. ಮನುಷ್ಯನನ್ನ ಕಾಯೋದು 30 ಮಿಲಿಆಂಪಿಯರ್ ಸೋರಿಕೆಗೇ ಬೀಳೋ ಇಎಲ್‌ಸಿಬಿ ಅಥವಾ ಆರ್‌ಸಿಸಿಬಿ. ಆ ಜಾತಿಯ ಸಾಧನವನ್ನ ಅಮೆರಿಕದಲ್ಲಿ 1960ರ ದಶಕದಲ್ಲಿ ಮಾಡಿ ತೋರಿಸಿದ್ದೂ ಇದೇ ಡಾಲ್ಜೀಲ್. ಕೈ ಯಾವಾಗ ಬಿಡಿಸಿಕೊಳ್ಳೋಕೆ ಆಗಲ್ಲ ಅಂತ ಅಳೆದ ಮನುಷ್ಯ, ಅಲ್ಲಿಗೇ ನಿಲ್ಲದೆ ಕರೆಂಟನ್ನೇ ಬಿಡಿಸೋ ಪೆಟ್ಟಿಗೆ ಮಾಡಿದ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದಲ್ಲಿ ಇತ್ತೀಚಿನ ವರ್ಷಗಳಲ್ಲಿ ದೇಶದಲ್ಲಿ ವಿದ್ಯುತ್ ಆಘಾತದಿಂದ ಸಾಯೋರು ವರ್ಷಕ್ಕೆ 10,000ಕ್ಕೂ ಹೆಚ್ಚು. ಬುರುಡೆ ಇರೋ ಕಡೆ ಮಾತ್ರ ಹುಷಾರಾಗಿದ್ರೆ ಸಾಲದು. ಬುರುಡೆ ಇಲ್ಲ ಅಂದ್ರೆ ಅಪಾಯ ಇಲ್ಲ ಅಂತ ಅಲ್ಲ.

ಚನ್ನರಾಯಪಟ್ಟಣದ ಕಡೆಯವರಿಗೆ ಇನ್ನೊಂದು ಉದಾಹರಣೆ. ತೆಂಗಿನಕಾಯಿ ಕೀಳೋ ದೋಟಿ. ಹಿಂದೆ ಬಿದಿರಿನದಿತ್ತು. ಈಗ ಹಗುರ ಅಂತ ಅಲ್ಯೂಮಿನಿಯಂನದು. ಅದು ವಿದ್ಯುತ್ ಉಪಕರಣವೇ ಅಲ್ಲ, ಅದರಲ್ಲಿ ಒಂದು ವೋಲ್ಟೂ ಇಲ್ಲ. ಆದರೆ ತೋಟದ ಮೇಲೆ ಹಾದುಹೋಗೋ 11,000 ವೋಲ್ಟ್ ತಂತಿಗೆ ಅದರ ತುದಿ ಹತ್ತಿರ ಹೋದ್ರೆ ಸಾಕು. ತಂತಿ ಹಾದುಹೋಗಿರೋ ಕಂಬಕ್ಕಾದ್ರೂ ಫಲಕ ಇರುತ್ತಾ? ಏಣಿ ಇಲ್ಲದೆ ಸುಲಭವಾಗಿ ಹತ್ತಬಹುದಾದ ಕಂಬಕ್ಕೆ ಮಾತ್ರ ಕಡ್ಡಾಯ ಅಂತ 1956ರ ನಿಯಮ. ಮೆಟ್ಟಿಲಿಲ್ಲದ ಸಿಮೆಂಟ್ ಕಂಬ ‘ಸುಲಭವಾಗಿ ಹತ್ತಲಾಗದ್ದು’ ಅಂತ ಅದೇ ನಿಯಮದ ವಿವರಣೆ ಹೇಳುತ್ತೆ. ಕಂಬ ಹತ್ತೋನ ಬಗ್ಗೆ ನಿಯಮ ಯೋಚಿಸಿದೆ. ಕೆಳಗೆ ದೋಟಿ ಎತ್ತೋನ ಬಗ್ಗೆ ಯೋಚಿಸಿಲ್ಲ. ಹಾಗಾಗಿ ಎಚ್ಚರಿಕೆ ಇರಬೇಕಾದ್ದು ದೋಟಿಯ ಹಿಡಿ ಮೇಲೆ, ಕಾಯಿ ಕೀಳೋನ ಕಣ್ಣಿಗೆ ಬೀಳೋ ಹಾಗೆ.

ಜೇಬಲ್ಲಿ ಫ್ಯೂಸು

ಎಚ್ಚರಿಕೆಯಲ್ಲಿ ಇನ್ನೊಂದು ಜಾತಿ ಇದೆ, ತಾತ್ಕಾಲಿಕ. ‘ಜನ ಕೆಲಸ ಮಾಡುತ್ತಿದ್ದಾರೆ, ಸ್ವಿಚ್ ಹಾಕಬೇಡಿ’ ಅಂತ ನೇತುಹಾಕೋ ಬೋರ್ಡು. ಅರಕಲಗೂಡಲ್ಲಿ ನಿವೃತ್ತ ಲೈನ್‌ಮನ್ ಒಬ್ಬರ ಜೊತೆ ಈ ಬಗ್ಗೆ ಮಾತಾಡ್ತಾ ಕೂತಿದ್ದೆ. ಹೆಸರು ಬೇಡ ಅಂದ್ರು. ಅವರು ಹೇಳಿದ್ದು ಇಷ್ಟು:

‘ನೋಡಪ್ಪಾ, ಬೋರ್ಡು ಗಾಳಿಗೆ ಬಿದ್ದೋಗ್ತದೆ. ಓದಕ್ಕೆ ಬರದೋನು ಬಂದು ಸ್ವಿಚ್ ಎತ್ತುಬಿಡ್ತಾನೆ. ನಾನು ಟಿಸಿ ಹತ್ರ ಕೆಲ್ಸ ಮಾಡುವಾಗ ಫ್ಯೂಸು ಕಿತ್ತು ಜೇಬಿಗೆ ಹಾಕ್ಕೋತಿದ್ದೆ. ಫ್ಯೂಸು ನನ್ ಜೇಬಲ್ಲಿದ್ರೆ ಯಾವನ್ ಏನ್ ಮಾಡ್ತಾನೆ?’

‘ಅಷ್ಟೇ ಸಾಕಾಗ್ತಿತ್ತಾ ಅಣ್ಣ?’ ಅಂತ ಕೇಳಿದೆ.

‘ಸಾಲಲ್ಲ. ಎಲ್‌ಸಿ ತಗೋಬೇಕು, ಟೆಸ್ಟ್ ಮಾಡ್ಬೇಕು, ಅರ್ತ್ ಮಾಡ್ಬೇಕು. ಆಮೇಲೂ ತಂತೀನ ನಂಬಬಾರದು.’

ಟಿಸಿ ಅಂದ್ರೆ ನಮ್ಮ ಕಡೆ ಟ್ರಾನ್ಸ್‌ಫಾರ್ಮರ್. ಎಲ್‌ಸಿ ಅಂದ್ರೆ ಲೈನ್ ಕ್ಲಿಯರ್. ಕೆಲಸ ಮಾಡೋನು ಸಬ್‌ಸ್ಟೇಷನ್‌ನಿಂದ ಅದನ್ನ ಕೇಳಿ ಪಡೀತಾನೆ. ಪಡೆದವನು ‘ಕೆಲಸ ಮುಗೀತು’ ಅಂತ ವಾಪಸ್ ಕೊಡೋವರೆಗೂ ಆ ಲೈನಿಗೆ ಕರೆಂಟ್ ಬಿಡಬಾರದು. ಹಾಸನ ಜಿಲ್ಲೆಗೆ ಈಗ ವಿದ್ಯುತ್ ಕೊಡೋದು ಮೈಸೂರಿನ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ, ನಾವೆಲ್ಲ ಸೆಸ್ಕ್ ಅಂತೀವಲ್ಲ, ಅದು. ಕಂಪನಿಯ ಹೆಸರು ಏನೇ ಆಗಿರಲಿ, ಕೆಇಬಿ ಕಾಲದಿಂದ ಇವತ್ತಿನವರೆಗೂ ಲೈನ್ ಮೇಲಿರೋರ ಜೀವ ನಿಂತಿರೋದು ಈ ಎಲ್‌ಸಿ ಮೇಲೆ.

ಇದನ್ನೇ ಅಮೆರಿಕದ ಕಾರ್ಮಿಕ ಸುರಕ್ಷತಾ ಇಲಾಖೆ 1989ರಲ್ಲಿ ಕಾರ್ಖಾನೆಗಳಿಗೆ ನಿಯಮ ಮಾಡ್ತು. ‘ಲಾಕೌಟ್-ಟ್ಯಾಗೌಟ್’ ಅಂತ ಹೆಸರು. ರಿಪೇರಿ ಮಾಡೋ ಮುಂಚೆ ಮೇನ್ ಸ್ವಿಚ್ ಆಫ್ ಮಾಡಿ, ನಿನ್ನದೇ ಬೀಗ ಹಾಕಿ, ಕೀಲಿ ನಿನ್ನ ಜೇಬಲ್ಲೇ ಇಟ್ಕೋ. ಬರೀ ಚೀಟಿ ನೇತುಹಾಕೋದಕ್ಕಿಂತ ಬೀಗ ಮೇಲು ಅಂತ ಅದರ ತತ್ವ. ಅಂದ್ರೆ ನಮ್ಮ ಲೈನ್‌ಮನ್ ಅಣ್ಣನ ಜೇಬಿನ ಫ್ಯೂಸೇ.

ಸುರಕ್ಷತೆಯ ಪಾಠದಲ್ಲಿ ಒಂದು ಮೆಟ್ಟಿಲ ಸಾಲು ಇದೆ. ಮೊದಲು ಅಪಾಯವನ್ನೇ ತೆಗೆದುಹಾಕು. ಆಗದಿದ್ರೆ ಕಮ್ಮಿ ಅಪಾಯದ್ದನ್ನ ತಾ. ಅದೂ ಆಗದಿದ್ರೆ ಕವಚ, ಅರ್ತಿಂಗ್, ಇಎಲ್‌ಸಿಬಿ ಹಾಕು. ಆಮೇಲೆ ಬರೋದು ಫಲಕ ಮತ್ತು ತರಬೇತಿ. ಕೊನೆಗೆ ಕೈಗವಸು, ಬೂಟು. ಫಲಕದ ಜಾಗ ಕೆಳಗಿಂದ ಎರಡನೇದು. ನಮ್ಮಲ್ಲಿ ಎಷ್ಟೋ ಕಡೆ ಅದೇ ಮೊದಲನೇದೂ ಹೌದು, ಕೊನೇದೂ ಹೌದು.

ಗೋಡೆಯ ಮೇಲಿನ ಇನ್ನೊಂದು ಚಾರ್ಟು

ದೊಡ್ಡ ಗಿರಣಿ, ಕಾರ್ಖಾನೆಗಳ ಪ್ಯಾನಲ್ ರೂಮಿನಲ್ಲಿ ಚೌಕಟ್ಟು ಹಾಕಿದ ಒಂದು ಚಾರ್ಟ್ ನೋಡಿರ್ತೀರಿ. ಶಾಕ್ ಹೊಡೆದವನಿಗೆ ಏನು ಮಾಡಬೇಕು ಅಂತ ಚಿತ್ರಗಳು. 1956ರ ನಿಯಮಗಳಲ್ಲಿ 44ನೇದು ಇದನ್ನ ಕಡ್ಡಾಯ ಮಾಡ್ತು. ಇಲ್ಲೂ ಜಿಲ್ಲೆಯ ಭಾಷೆ ಇರಬೇಕು. ಹಳೆಯ ಚಾರ್ಟ್‌ಗಳಲ್ಲಿ ಮನುಷ್ಯನನ್ನ ಬೋರಲು ಮಲಗಿಸಿ ಬೆನ್ನು ಒತ್ತೋ ಚಿತ್ರ ಇರುತ್ತೆ. ಅದು ಹಿಂದಿನ ಪದ್ಧತಿ.

ಈಗಿನ ಪದ್ಧತಿ, ಅಂಗಾತ ಮಲಗಿಸಿ ಎದೆ ಒತ್ತೋ ಸಿಪಿಆರ್, ಎಲ್ಲಿಂದ ಬಂತು ಗೊತ್ತಾ? ಅದರ ಹಿಂದೆ ಇದ್ದವರಲ್ಲಿ ಒಬ್ಬರು ಡಾಕ್ಟರೇ ಅಲ್ಲ. ವಿಲಿಯಂ ಕೌವನ್‌ಹೋವನ್, ಎಲೆಕ್ಟ್ರಿಕಲ್ ಎಂಜಿನಿಯರ್. ಲೈನ್ ಮೇಲೆ ಕೆಲಸಗಾರರು ಶಾಕ್ ಹೊಡೆದು ಸಾಯ್ತಿದ್ದಾರೆ ಅಂತ ಅಮೆರಿಕದ ವಿದ್ಯುತ್ ಕಂಪನಿಗಳು ದುಡ್ಡು ಕೊಟ್ಟು ಸಂಶೋಧನೆ ಮಾಡಿಸಿದ್ವು. ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಕೌವನ್‌ಹೋವನ್, ಜೂಡ್, ನಿಕರ್‌ಬಾಕರ್ ಮೂವರೂ ಸೇರಿ 1960ರಲ್ಲಿ ಎದೆ ಒತ್ತೋ ವಿಧಾನದ ಬಗ್ಗೆ ಬರೆದ್ರು. ಇವತ್ತು ಜಗತ್ತಿನಲ್ಲಿ ಹಾರ್ಟ್ ಅಟ್ಯಾಕ್ ಆಗಿ ಬಿದ್ದ ಎಷ್ಟೋ ಜನರಿಗೆ ಮಾಡೋ ಮೊದಲ ಕೆಲಸಕ್ಕೆ ಬೇರು ಇರೋದು ಲೈನ್‌ಮನ್‌ಗಳ ಸಾವಿನಲ್ಲಿ.

ನಿಮ್ಮ ಕೆಲಸದ ಜಾಗದ ಚಾರ್ಟಿನಲ್ಲಿ ಇನ್ನೂ ಬೆನ್ನು ಒತ್ತೋ ಚಿತ್ರ ಇದ್ರೆ, ಅದನ್ನ ಬದಲಾಯಿಸೋ ಕಾಲ ಬಂದು ಅರವತ್ತು ವರ್ಷ ದಾಟಿದೆ. ಮತ್ತೆ ನೆನಪಿರಲಿ, ಮೊದಲ ಕೆಲಸ ಎದೆ ಒತ್ತೋದಲ್ಲ, ಮೇನ್ ಆಫ್ ಮಾಡೋದು. ಕರೆಂಟ್ ಇರುವಾಗ ಬಿದ್ದವನನ್ನ ಮುಟ್ಟಿದ್ರೆ ಇಬ್ಬರೂ ಹೋಗ್ತೀರಿ.

ಬೋರ್ಡ್ ಹಾಕಿದ್ವಲ್ಲ?

ಈಗ ಮೊದಲ ಪ್ರಶ್ನೆಗೆ ವಾಪಸ್. ‘ಬೋರ್ಡ್ ಹಾಕಿದ್ವಲ್ಲ, ಅವನು ನೋಡಬೇಕಿತ್ತು’. ಈ ಮಾತಿಗೆ ಕಾನೂನು ಉತ್ತರ ಕೊಟ್ಟಾಗಿದೆ. 1923ರ ಕೆಲಸಗಾರರ ಪರಿಹಾರ ಕಾಯ್ದೆಯಲ್ಲಿ ಒಂದು ವಿನಾಯಿತಿ ಇತ್ತು. ಕೆಲಸಗಾರ ಸುರಕ್ಷತೆಯ ನಿಯಮವನ್ನ ಬೇಕಂತಲೇ ಮೀರಿ ಗಾಯ ಮಾಡ್ಕೊಂಡ್ರೆ ಮಾಲೀಕ ಪರಿಹಾರ ಕೊಡಬೇಕಾಗಿರಲಿಲ್ಲ. ಆದರೆ ಅದೇ ವಾಕ್ಯದಲ್ಲಿ ಒಂದು ಷರತ್ತು. ಸಾವು ಆದ್ರೆ, ಅಥವಾ ದುಡಿಯೋ ಶಕ್ತಿ ಶಾಶ್ವತವಾಗಿ ಪೂರ್ತಿ ಹೋದ್ರೆ, ಈ ನೆಪ ನಡೀತಿರಲಿಲ್ಲ. ಪರಿಹಾರ ಕೊಡಲೇಬೇಕಿತ್ತು. ಅಂದ್ರೆ, ಫಲಕ ತೋರಿಸಿ ಸಾವಿನ ಹೊಣೆಯನ್ನ ಸತ್ತವನ ತಲೆಗೆ ಕಟ್ಟೋ ಹಾಗಿಲ್ಲ.

2002ರಲ್ಲಿ ಸುಪ್ರೀಂ ಕೋರ್ಟ್ ವಿದ್ಯುತ್ ಕಂಪನಿಗಳ ಬಗ್ಗೆ ಇನ್ನೂ ಖಡಕ್ಕಾಗಿ ಹೇಳ್ತು. ಮಧ್ಯಪ್ರದೇಶದಲ್ಲಿ ಮಳೆನೀರು ನಿಂತ ರಸ್ತೆಯಲ್ಲಿ ಬಿದ್ದಿದ್ದ ತಂತಿ ತಗುಲಿ ಸೈಕಲ್ ಸವಾರ ಒಬ್ಬ ಸತ್ತಿದ್ದ. ಯಾರೋ ಕರೆಂಟ್ ಕದಿಯೋಕೆ ಹೋಗಿ ಹೀಗಾಯ್ತು ಅಂತ ವಿದ್ಯುತ್ ಮಂಡಳಿ ವಾದ ಮಾಡ್ತು. ಕೋರ್ಟ್ ಒಪ್ಪಲಿಲ್ಲ. ಇಷ್ಟು ಅಪಾಯದ ವಸ್ತುವನ್ನ ನಡೆಸೋರು ನೀವು, ನಿರ್ಲಕ್ಷ್ಯ ಇರಲಿ ಬಿಡಲಿ, ಹೊಣೆ ನಿಮ್ಮದು ಅಂತ ತೀರ್ಪು ಕೊಡ್ತು.

ಕಾಮರ್ಸ್ ಭಾಷೆಯಲ್ಲಿ ಹೇಳ್ಬೇಕು ಅಂದ್ರೆ, ಮಾಲೀಕರು ಫಲಕವನ್ನ ರಸೀದಿ ಅಂದ್ಕೊಂಡಿದ್ದಾರೆ. ಹೊಣೆ ನಿನಗೆ ಒಪ್ಪಿಸಿದ್ದೀನಿ, ಇಗೋ ರಸೀದಿ ಅಂತ. ಅದು ರಸೀದಿ ಅಲ್ಲ, ಸಾಲದ ಪತ್ರ. ‘ಇಲ್ಲಿ ಜೀವ ಹೋಗಬಹುದು ಅಂತ ನನಗೆ ಗೊತ್ತಿದೆ’ ಅಂತ ಮಾಲೀಕ ತಾನೇ ಬರೆದು ಗೋಡೆಗೆ ಹಾಕಿರೋ ಪತ್ರ. ಗೊತ್ತಿದ್ದ ಮೇಲೆ ಅರ್ತಿಂಗ್ ಮಾಡಿಸು, ಇಎಲ್‌ಸಿಬಿ ಹಾಕಿಸು, ಮುಚ್ಚಳ ಇಲ್ಲದ ಸ್ಟಾರ್ಟರಿಗೆ ಮುಚ್ಚಳ ಹಾಕಿಸು. ಹಲ್ಮಿಡಿ ಕಲ್ಲಿನ ಎಚ್ಚರಿಕೆ ಓದೋನಿಗೆ ಶಾಪ. ಈ ತಗಡಿನ ಎಚ್ಚರಿಕೆ ಹಾಕಿದವನಿಗೆ ಕಟ್ಟುಪಾಡು.

ಈಗ ನೀವು ಏನು ಮಾಡಬಹುದು

ನಿಮ್ಮ ಕೈಲಿ ಫೋನ್ ಇದೆ. ಕೆಲಸದ ಜಾಗದಲ್ಲಿ ಪ್ಯಾನಲ್ ಬೋರ್ಡ್, ಮೋಟರ್, ಸ್ಟಾರ್ಟರ್ ಬಾಕ್ಸ್‌ಗಳನ್ನ ದೂರದಿಂದಲೇ ಒಂದೊಂದು ಫೋಟೋ ತೆಗೀರಿ. ಮೂರು ವಿಷಯ ನೋಡಿ. ಫಲಕ ಇದೆಯಾ? ಕನ್ನಡ ಇದೆಯಾ? ಓದೋ ಸ್ಥಿತೀಲಿದೆಯಾ? ಆಮೇಲೆ ನಾಲ್ಕನೇದು, ಇದೇ ಮುಖ್ಯ: ಫಲಕದ ಹಿಂದೆ ಇಎಲ್‌ಸಿಬಿ ಇದೆಯಾ? ಇದ್ರೆ ಅದರ ಮೇಲೊಂದು ಟೆಸ್ಟ್ ಬಟನ್ ಇರುತ್ತೆ. ಎಲೆಕ್ಟ್ರಿಷಿಯನ್ ಹತ್ರ ಒತ್ತಿಸಿ ನೋಡಿ. ಒತ್ತಿದಾಗ ಬೀಳದಿದ್ರೆ ಅದು ಸತ್ತಿದೆ.

ಹರಿದು ಬಿದ್ದ ತಂತಿ, ಬೇಲಿ ಇಲ್ಲದ ಟ್ರಾನ್ಸ್‌ಫಾರ್ಮರ್, ಬಾಗಿಲು ತೆರೆದಿರೋ ಬಾಕ್ಸ್ ಕಂಡ್ರೆ 1912ಕ್ಕೆ ಫೋನ್ ಮಾಡಿ. ಕೆಲಸದ ಜಾಗದಲ್ಲಿ ವಿದ್ಯುತ್ ಅವಘಡ ಆದ್ರೆ ಅದನ್ನ ಮುಚ್ಚಿಹಾಕೋ ಹಾಗಿಲ್ಲ. 2003ರ ಕಾಯ್ದೆಯ 161ನೇ ಕಲಂ ಪ್ರಕಾರ ವಿದ್ಯುತ್ ಪರಿವೀಕ್ಷಕರಿಗೆ ತಿಳಿಸಬೇಕು.

ಕೊನೇದಾಗಿ, ಆಯುಧ ಪೂಜೆ. ಹೊಳೆನರಸೀಪುರದ ಒಂದು ಗಿರಣಿಯಲ್ಲಿ ನೋಡಿದೆ. ಮೋಟರಿಗೆ ಹೂವಿನ ಹಾರ, ಪ್ಯಾನಲ್ ಬೋರ್ಡ್ ಮೇಲೆ ಮೂರು ಗೆರೆ ವಿಭೂತಿ, ಕುಂಕುಮ. ಎಷ್ಟೋ ವರ್ಷದ್ದು, ಒಂದರ ಮೇಲೊಂದು. ಆ ಕುಂಕುಮದ ಅಡೀಲಿ ಎಲ್ಲೋ ಬುರುಡೆ ಇದೆ, ‘ಅಪಾಯ’ ಅನ್ನೋ ಪದ ಇದೆ, ಕಾಣಲ್ಲ. ಪೂಜೆ ಬೇಡ ಅಂತ ನಾನು ಹೇಳಲ್ಲ. ಅನ್ನ ಕೊಡೋ ಯಂತ್ರಕ್ಕೆ ಕೈ ಮುಗಿಯೋದು ಒಳ್ಳೇ ಅಭ್ಯಾಸ. ಈ ಸಲ ಹಬ್ಬದ ಹಿಂದಿನ ದಿನ ಮೇನ್ ಆಫ್ ಮಾಡಿ, ಒಣ ಬಟ್ಟೆಯಲ್ಲಿ ಆ ಫಲಕ ಒರೆಸಿ. ಕುಂಕುಮ ಪಕ್ಕದಲ್ಲಿ ಇಡಿ. ಅಂಗಡಿಗೆ ಹೊಸದಾಗಿ ಸೇರಿರೋ ಹುಡುಗನನ್ನ ಕರೆದು, ಆ ಫಲಕದಲ್ಲಿ ಏನು ಬರೆದಿದೆ ಅಂತ ಒಂದ್ಸಲ ಓದಿ ಹೇಳಿ.

ಈ ಸಂಚಿಕೆ ನಿಮಗಿಂತ ಹೆಚ್ಚಾಗಿ ನಿಮ್ಮ ಓನರ್‌ಗೆ ಬೇಕು ಅನಿಸಿದ್ರೆ, ವಾಟ್ಸಾಪ್‌ನಲ್ಲಿ ಕಳಿಸಿಬಿಡಿ. ಮುಂದಿನ ವಾರ ಸಿಗೋಣ. ನಮಸ್ಕಾರ.